ಜೀನ್ ಸೇರಿಸಿದ ಮೇಲೆ ಉಳಿಯುವ ಕೆಲಸ

ಬಾಗಲಕೋಟೆಯ ಕಾಲೇಜೊಂದರಲ್ಲಿ ಜೈವಿಕ ತಂತ್ರಜ್ಞಾನ ಕಲಿಸುವ ನನಗೆ ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಾಜೆಕ್ಟ್ ವರದಿಗಳು ಓದಲು ಬರುತ್ತವೆ. ವಿದ್ಯಾರ್ಥಿಗಳು ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಗಳ ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ರಾಶಿಯಿಂದಲೋ, ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಗಂಜಿ ಹಾಕುವ ಜಾಗದ ಮಣ್ಣಿನಿಂದಲೋ ಮಾದರಿ ತಂದು, ಅದರಿಂದ ಪಿಷ್ಟ ಕರಗಿಸುವ ಬ್ಯಾಸಿಲಸ್ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸುತ್ತಾರೆ. ಅದಕ್ಕೆ ಎಷ್ಟು ಉಷ್ಣತೆ ಹಿತ, ಎಷ್ಟು ಪಿಎಚ್ ಹಿತ, ಗೋಧಿ ತೌಡು ಹಾಕಿದರೆ ಕಿಣ್ವ ಹೆಚ್ಚೋ ಮೆಕ್ಕೆಜೋಳದ ಹಿಟ್ಟು ಹಾಕಿದರೆ ಹೆಚ್ಚೋ ಎಂದು ನೋಡಿ ವರದಿ ಮುಗಿಸುತ್ತಾರೆ. ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಅದು ನಿಲ್ಲುವ ಜಾಗದಿಂದಲೇ ನಿಜವಾದ ಪ್ರಶ್ನೆ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ: ಸಿಕ್ಕ ಒಳ್ಳೆಯ ಕಿಣ್ವವನ್ನು ಬಳಕೆಗೆ ಸಾಲುವಷ್ಟು ಪ್ರಮಾಣದಲ್ಲಿ, ಕೆಡದಂತೆ, ಮತ್ತೆ ಮತ್ತೆ ತಯಾರಿಸುವುದು ಹೇಗೆ?

ಪಿಷ್ಟ ಕರಗಿಸುವ ಬ್ಯಾಕ್ಟೀರಿಯಾವನ್ನು ಗುರುತಿಸುವ ಪರೀಕ್ಷೆ ಎಷ್ಟು ಸರಳವೋ ಅಷ್ಟೇ ಸುಂದರ. ಪಿಷ್ಟ ಬೆರೆಸಿದ ಅಗಾರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಮಾರನೆಯ ದಿನ ಅದರ ಮೇಲೆ ಅಯೋಡಿನ್ ದ್ರಾವಣ ಹನಿಸಿದರೆ, ಕೆಲವೇ ಕ್ಷಣಗಳಲ್ಲಿ ತಟ್ಟೆಯೆಲ್ಲ ಕಡು ನೀಲಿಗೆ ತಿರುಗುತ್ತದೆ. ಪಿಷ್ಟ ಕರಗಿಸುವ ಅಮೈಲೇಸ್ ಎಂಬ ಕಿಣ್ವವನ್ನು ಹೊರಬಿಟ್ಟ ಕಾಲನಿಗಳ (ಬ್ಯಾಕ್ಟೀರಿಯಾ ಗುಂಪುಗಳ) ಸುತ್ತ ಮಾತ್ರ ನೀಲಿ ಹತ್ತದೆ ತಿಳಿಹಳದಿಯ ದುಂಡನೆಯ ವಲಯ ಉಳಿಯುತ್ತದೆ. ಕೆಲವು ಕಾಲನಿಗಳ ಸುತ್ತ ಉಗುರಿನ ಅಂಚಿನಷ್ಟು ಸಣ್ಣ ವಲಯ, ಕೆಲವುಗಳ ಸುತ್ತ ನಾಣ್ಯದಷ್ಟು ಅಗಲ. ಆ ಅಗಲವನ್ನು ಅಳತೆಪಟ್ಟಿಯಿಂದ ಅಳೆದು ಹೆಚ್ಚು ಅಗಲದ್ದೇ ಹೆಚ್ಚು ಒಳ್ಳೆಯದು ಎಂದು ಬರೆಯುವುದು ವಾಡಿಕೆ. ಆದರೆ ವಲಯದ ಅಗಲ ಹೇಳುವುದು ಕಿಣ್ವದ ಪ್ರಮಾಣವನ್ನಷ್ಟೇ ಅಲ್ಲ. ಕಿಣ್ವ ಅಗಾರ್‌ನಲ್ಲಿ ಎಷ್ಟು ದೂರ ಹರಡುತ್ತದೆ, ಕಾಲನಿ ಎಷ್ಟು ಬೇಗ ಬೆಳೆಯಿತು ಎಂಬುದೂ ಅದರಲ್ಲಿ ಸೇರಿರುತ್ತದೆ.

ನಮ್ಮ ಭಾಗಕ್ಕೂ ಅಮೈಲೇಸಿಗೂ ಇರುವ ನಂಟು ಪಠ್ಯಪುಸ್ತಕದ್ದಷ್ಟೇ ಅಲ್ಲ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸದೊಂದಿಗೆ ಸ್ವಲ್ಪ ಪಿಷ್ಟವೂ ಬರುತ್ತದೆ. ಬಲಿಯದ ಕಬ್ಬು, ತುದಿಯ ಭಾಗ, ಎಲೆಗಳು ಹೆಚ್ಚು ಸೇರಿದ್ದರೆ ಅದರ ಪ್ರಮಾಣ ಏರುತ್ತದೆ. ಬಿಸಿಗೆ ಉಬ್ಬಿ ಕರಗಿದ ಪಿಷ್ಟ ಪಾಕದ ಜಿಗುಟನ್ನು ಹೆಚ್ಚಿಸಿ, ಹರಳು ಕಟ್ಟುವುದನ್ನೂ ಸೋಸುವುದನ್ನೂ ನಿಧಾನಗೊಳಿಸುತ್ತದೆ. ಅದಕ್ಕಾಗಿ ರಸ ಗಟ್ಟಿಯಾಗುವ ಇವಾಪೊರೇಟರ್ ಹಂತದಲ್ಲಿ ಅಮೈಲೇಸ್ ಸೇರಿಸುವ ಪದ್ಧತಿಯಿದೆ. ಬಟ್ಟೆಯ ಉದ್ಯಮದಲ್ಲಿ ಈ ಕಿಣ್ವದ ಕಥೆ ಇನ್ನೂ ಹಳೆಯದು. ಹಾಸಿನ ನೂಲು ಮಗ್ಗದಲ್ಲಿ ತುಂಡಾಗದಿರಲೆಂದು ಹಾಕಿದ ಗಂಜಿಯನ್ನು, ಬಣ್ಣ ಹಾಕುವ ಮುನ್ನ ನೇಯ್ದ ಬಟ್ಟೆಯಿಂದ ತೆಗೆಯಲೇಬೇಕು. ಆಮ್ಲದಲ್ಲಿ ತೊಳೆದರೆ ನೂಲೂ ಸವೆಯುತ್ತದೆ. ಅಮೈಲೇಸ್ ಗಂಜಿಯನ್ನಷ್ಟೇ ತಿಂದು ಹತ್ತಿಯನ್ನು ಮುಟ್ಟದೆ ಬಿಡುತ್ತದೆ. ಬೊಯ್ಡಿನ್ ಮತ್ತು ಎಫ್ರಾಂಟ್ ಎಂಬಿಬ್ಬರು ಬ್ಯಾಸಿಲಸ್‌ನಿಂದ ಅಮೈಲೇಸ್ ತಯಾರಿಸುವ ವಿಧಾನಕ್ಕೆ 1917ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದರೆ ಡಿಎನ್‌ಎ ರಚನೆ ತಿಳಿಯುವುದಕ್ಕೂ ಮೂರು ದಶಕಕ್ಕಿಂತ ಹಿಂದೆಯೇ ಬ್ಯಾಕ್ಟೀರಿಯಾದ ಕಿಣ್ವ ಕೈಗಾರಿಕೆಯ ಸರಕಾಗಿತ್ತು.

ಹಾಗಿದ್ದ ಮೇಲೆ ಮಣ್ಣಿನಿಂದ ತೆಗೆದ ಬ್ಯಾಸಿಲಸ್‌ನ್ನೇ ದೊಡ್ಡ ಪಾತ್ರೆಯಲ್ಲಿ ಬೆಳೆಸಿದರೆ ಸಾಲದೇ ಎಂದು ಕೇಳಬಹುದು. ಕಾಡು ಬ್ಯಾಕ್ಟೀರಿಯಾ ಕಿಣ್ವವನ್ನು ತನ್ನ ಹೊಟ್ಟೆಪಾಡಿಗಾಗಿ ತಯಾರಿಸುತ್ತದೆಯೇ ಹೊರತು ನಮಗಾಗಿ ಅಲ್ಲ. ಗ್ಲೂಕೋಸ್ ಸಿಗುತ್ತಿರುವವರೆಗೆ ಅದು ಅಮೈಲೇಸ್ ಜೀನನ್ನು ಮುಚ್ಚಿಡುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಸಿಸಿಪಿಎ ಎಂಬ ಪ್ರೋಟೀನ್ ಆ ಜೀನಿನ ಮುಂಭಾಗಕ್ಕೆ ಕೂತು ಈ ತಡೆ ಒಡ್ಡುತ್ತದೆ. ಆಹಾರ ಮುಗಿಯಿತೆಂದರೆ ಅನೇಕ ಕೋಶಗಳು ಬೀಜಕವಾಗಿ ಮುದುಡಿಕೊಳ್ಳುತ್ತವೆ. ಜೊತೆಗೆ ಪ್ರೋಟೀನ್ ಒಡೆಯುವ ಪ್ರೋಟಿಯೇಸ್‌ಗಳನ್ನೂ ಸುರಿದು, ನಮಗೆ ಬೇಕಾದ ಕಿಣ್ವವನ್ನೇ ತಿಂದುಹಾಕುತ್ತವೆ. ಅದೂ ಅಲ್ಲದೆ, ಅತ್ಯುತ್ತಮ ಕಿಣ್ವ ತಯಾರಿಸುವ ಜೀವಿ ಕೆಲವೊಮ್ಮೆ ಬೆಳೆಸಲು ತೀರಾ ತೊಡಕಿನದಾಗಿರುತ್ತದೆ. ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿ ತೆಗೆಯುವ ಪಿಸಿಆರ್ ಪರೀಕ್ಷೆಯ ಜೀವಾಳವಾದ ಟ್ಯಾಕ್ ಪಾಲಿಮರೇಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರ ಬುಗ್ಗೆಯ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯಾವನ್ನು 1969ರಲ್ಲಿ ವರ್ಣಿಸಲಾಯಿತು. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಳೆಯುವ ಅದು ಈ ಕಿಣ್ವವನ್ನು ತೀರಾ ಸ್ವಲ್ಪ ತಯಾರಿಸುತ್ತದೆ. ಅದರ ಜೀನನ್ನು ಪ್ರಯೋಗಾಲಯಗಳ ಚಿರಪರಿಚಿತ ಬ್ಯಾಕ್ಟೀರಿಯಾ ಇ. ಕೋಲಿಗೆ ಕೊಟ್ಟ ಮೇಲೆ ಸಾಮಾನ್ಯ ಉಷ್ಣತೆಯಲ್ಲೇ ಹೇರಳವಾಗಿ ಬೆಳೆಸಿ, ಕೋಶ ಒಡೆದು, 75 ಡಿಗ್ರಿಗೆ ಕಾಯಿಸಿದರೆ ಸಾಕು: ಇ. ಕೋಲಿಯ ಬಹುಪಾಲು ಪ್ರೋಟೀನುಗಳು ಹೆಪ್ಪುಗಟ್ಟಿ ತಳಕ್ಕಿಳಿಯುತ್ತವೆ, ಟ್ಯಾಕ್ ಮಾತ್ರ ತಿಳಿಯಲ್ಲಿ ಉಳಿಯುತ್ತದೆ. ಆತಿಥೇಯ ಜೀವಿಯನ್ನು ಬದಲಿಸಿದ್ದರಿಂದ ಇಳುವರಿಯ ಜೊತೆಗೆ ಶುದ್ಧೀಕರಣವೂ ಸುಲಭವಾಯಿತು.

ಈ ಉದಾಹರಣೆ ಕೇಳಿದ ಹೊರಗಿನವರಿಗೆ ಎಲ್ಲವೂ ಸಲೀಸು ಎನಿಸುತ್ತದೆ. ನಮ್ಮ ಪರಿಚಯದ ಸಕ್ಕರೆ ಕಾರ್ಖಾನೆಯ ಕೆಮಿಸ್ಟ್ ಒಬ್ಬರು, "ಜೀನ್ ಒಮ್ಮೆ ಒಳಗ ಹೋತಂದ್ರ ಆತಲ್ರೀ ಮೇಡಂ, ಮುಂದ ಅದ ಮಾಡ್ಕೋತ ಹೋಗತೈತಿ" ಎಂದಿದ್ದರು. ಪತ್ರಿಕೆಗಳಲ್ಲಿ ಬರುವ ವರದಿಗಳೂ ಇದೇ ಧಾಟಿಯಲ್ಲಿರುತ್ತವೆ. ಜೀನ್ ಸೇರಿಸುವುದು ಇಂದು ಈ ಕೆಲಸದ ಅತ್ಯಂತ ಸುಲಭದ ಭಾಗ. ಸೇರಿಸಿದ ಮೇಲೆ ಆ ಜೀವಕೋಶ ಎಲ್ಲಿ ತಡವರಿಸುತ್ತದೆ ಎಂದು ಪತ್ತೆ ಹಚ್ಚುವುದರಲ್ಲೇ ಈ ವಿದ್ಯೆಯ ತಿರುಳಿದೆ.

ಬಹುತೇಕ ಎಲ್ಲರೂ ಇ. ಕೋಲಿಯಿಂದಲೇ ಆರಂಭಿಸುತ್ತಾರೆ. ಹದವಾದ ಪೋಷಕ ದ್ರಾವಣದಲ್ಲಿ ಅದು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಅದರ ಬಗ್ಗೆ ತಿಳಿದಿರುವಷ್ಟು ಬೇರಾವ ಬ್ಯಾಕ್ಟೀರಿಯಾದ ಬಗ್ಗೆಯೂ ತಿಳಿದಿಲ್ಲ. ಸ್ಟಡಿಯರ್ ಮತ್ತು ಮೊಫಟ್ 1986ರಲ್ಲಿ ಪ್ರಕಟಿಸಿದ ಟಿ7 ವ್ಯವಸ್ಥೆ ಇಂದಿಗೂ ಪ್ರಯೋಗಾಲಯಗಳ ನಿತ್ಯದ ಸಾಧನ. ಟಿ7 ಎಂಬುದು ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್. ಜೀನಿನ ನಕಲು ತೆಗೆಯುವ ಅದರ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್ ತನ್ನದೇ ಪ್ರೊಮೋಟರನ್ನು (ನಕಲು ಎಲ್ಲಿಂದ ಶುರುವಾಗಬೇಕೆಂದು ಹೇಳುವ ಡಿಎನ್‌ಎ ಸಾಲನ್ನು) ಮಾತ್ರ ಗುರುತಿಸಿ, ಇ. ಕೋಲಿಯ ಸ್ವಂತ ಪಾಲಿಮರೇಸಿಗಿಂತ ಹಲವು ಪಟ್ಟು ವೇಗದಲ್ಲಿ ನಕಲು ತೆಗೆಯುತ್ತದೆ. ಐಪಿಟಿಜಿ ಎಂಬ ರಾಸಾಯನಿಕ ಹಾಕಿದೊಡನೆ ಈ ಪಾಲಿಮರೇಸಿನ ಜೀನಿಗೆ ಹಾಕಿದ ಲ್ಯಾಕ್ ಎಂಬ ಬೀಗ ತೆರೆದು ಪಾಲಿಮರೇಸ್ ತಯಾರಾಗುತ್ತದೆ, ಅದು ನಮ್ಮ ಜೀನನ್ನು ನಕಲಿಸತೊಡಗುತ್ತದೆ. ಕೆಲವೇ ಗಂಟೆಗಳಲ್ಲಿ ಕೋಶದ ಒಟ್ಟು ಪ್ರೋಟೀನಿನ ಅರ್ಧದಷ್ಟು ಅದೊಂದೇ ಆಗಬಲ್ಲದು. ಇದಕ್ಕೆ ಬಳಸುವ ಬಿಎಲ್21 ತಳಿಯಲ್ಲಿ ಲಾನ್ ಮತ್ತು ಆಂಪ್‌ಟಿ ಎಂಬ ಎರಡು ಪ್ರೋಟಿಯೇಸ್‌ಗಳು ಇಲ್ಲದಿರುವುದೂ ಒಂದು ಅನುಕೂಲ.

ಅದರ ಫಲಿತಾಂಶವನ್ನು, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಮೊದಲ ಬಾರಿ ನೋಡುವುದು ವಿದ್ಯಾರ್ಥಿಗಳಿಗೆ ಹಬ್ಬ. ಕೂಮಾಸಿ ನೀಲಿಯಲ್ಲಿ ಅದ್ದಿ, ಹೆಚ್ಚಿನ ಬಣ್ಣ ತೊಳೆದು, ಬೆಳಕಿನ ಪೆಟ್ಟಿಗೆಯ ಮೇಲಿಟ್ಟ ಜೆಲ್‌ನಲ್ಲಿ ಐಪಿಟಿಜಿ ಹಾಕದ ಸಾಲಿನಲ್ಲಿ ಸಣ್ಣ ಸಣ್ಣ ಗೆರೆಗಳು ಏಣಿಯಂತೆ ಇಳಿದಿರುತ್ತವೆ. ಹಾಕಿದ ಸಾಲಿನಲ್ಲಿ ನಮ್ಮ ಅಮೈಲೇಸಿನ ಗಾತ್ರವಾದ 55 ಕಿಲೋಡಾಲ್ಟನ್ ಗುರುತಿನ ನೇರದಲ್ಲಿ ದಪ್ಪನೆಯ ಪಟ್ಟಿಯೊಂದು ಎದ್ದು ಕಾಣುತ್ತದೆ. ಮುಂದಿನ ಎರಡು ಸಾಲುಗಳನ್ನು ನೋಡುವವರೆಗೆ ಮಾತ್ರ ಆ ಸಂತೋಷ. ಒಡೆದ ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನೂ ತಳದ ಗಸಿಯನ್ನೂ ಬೇರೆ ಬೇರೆ ಓಡಿಸಿದಾಗ, ದಪ್ಪ ಪಟ್ಟಿ ಗಸಿಯ ಸಾಲಿನಲ್ಲಿರುತ್ತದೆ. ತಿಳಿಯಲ್ಲಿ ಅದರ ನೆರಳಷ್ಟೇ ಕಾಣುತ್ತದೆ. ಗಸಿಯನ್ನು ಪಿಷ್ಟದೊಂದಿಗೆ ಇಟ್ಟರೆ ಪಿಷ್ಟಕ್ಕೆ ಏನೂ ಆಗುವುದಿಲ್ಲ. ಪ್ರೋಟೀನ್ ಇದೆ, ಕಿಣ್ವ ಇಲ್ಲ. ಅಮೈನೋ ಆಮ್ಲಗಳ ಸರಪಳಿ ಸರಿಯಾದ ಆಕಾರಕ್ಕೆ ಮಡಚಿಕೊಳ್ಳುವ ಮೊದಲೇ ಒಂದಕ್ಕೊಂದು ಅಂಟಿಕೊಂಡು ಗಂಟಾಗಿದೆ. ಇದನ್ನೇ ಇನ್‌ಕ್ಲೂಷನ್ ಬಾಡಿ ಎನ್ನುತ್ತಾರೆ.

ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಯಾರ್ಡನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಣಕ್ಕೆ ದಿನಕ್ಕಿಷ್ಟು ಟನ್ ಎಂಬ ಮಿತಿಯಿದ್ದರೆ, ಟ್ರ್ಯಾಕ್ಟರುಗಳ ಸಾಲು ಎಷ್ಟು ಉದ್ದವಾದರೂ ಸಕ್ಕರೆ ಹೆಚ್ಚುವುದಿಲ್ಲ. ಕಾದ ಕಬ್ಬು ಒಣಗಿ, ಹುಳಿಯೇರಿ, ಬಂದದ್ದೂ ಹಾಳಾಗುತ್ತದೆ. ಕೋಶದಲ್ಲಿ ಜೀನಿನ ನಕಲು ತೆಗೆಯುವುದು, ಅದನ್ನು ಓದಿ ಸರಪಳಿ ಹೆಣೆಯುವುದು, ಸರಪಳಿಯನ್ನು ಮಡಚುವುದು, ಪೊರೆ ದಾಟಿಸುವುದು ಒಂದರ ನಂತರ ಒಂದು ನಡೆಯುವ ಕೆಲಸಗಳು. ಇವುಗಳಲ್ಲಿ ಯಾವುದು ಅತ್ಯಂತ ನಿಧಾನವೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ. ಉಳಿದವುಗಳಿಗೆ ವೇಗ ಕೊಟ್ಟರೆ ಅನರ್ಥವೇ ಹೆಚ್ಚು.

ಆದ್ದರಿಂದ ಇಳುವರಿ ಹೆಚ್ಚಿಸಲು ಎಷ್ಟೋ ಸಲ ಮೊದಲು ಮಾಡಬೇಕಾದದ್ದು ವೇಗ ತಗ್ಗಿಸುವುದು. 37 ಡಿಗ್ರಿಯ ಬದಲು 18 ಅಥವಾ 20 ಡಿಗ್ರಿಗೆ ಇಳಿಸಿ ರಾತ್ರಿಯಿಡೀ ಬೆಳೆಸುವುದು, ಐಪಿಟಿಜಿಯ ಪ್ರಮಾಣವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸುವುದು, ಟಿ7ಗಿಂತ ಸೌಮ್ಯವಾದ ಪ್ರೊಮೋಟರ್ ಆರಿಸುವುದು, ಇವೆಲ್ಲ ಕಡಿಮೆ ಖರ್ಚಿನ ಉಪಾಯಗಳು. ಮಡಚಲು ನೆರವಾಗುವ ಜಿಆರ್‌ಒಇಎಲ್, ಡಿಎನ್‌ಎಕೆ ಮೊದಲಾದ ಚಾಪರೋನ್ ಪ್ರೋಟೀನುಗಳನ್ನು ಜೊತೆಯಲ್ಲೇ ಹೆಚ್ಚು ತಯಾರಿಸುವಂತೆ ಮಾಡಬಹುದು. ಮಾಲ್ಟೋಸ್‌ಗೆ ಅಂಟುವ ಪ್ರೋಟೀನನ್ನೋ ಥಯೋರೆಡಾಕ್ಸಿನ್‌ನ್ನೋ ಕಿಣ್ವದ ತಲೆಗೆ ಜೋಡಿಸಿ ಅದು ಕರಗಿದ ಸ್ಥಿತಿಯಲ್ಲೇ ಉಳಿಯುವಂತೆ ಮಾಡಬಹುದು. ಗಂಟಾದ ಪ್ರೋಟೀನನ್ನು ಯೂರಿಯಾದಲ್ಲಿ ಬಿಚ್ಚಿ ಮತ್ತೆ ಮಡಚುವ ದಾರಿಯೂ ಇದೆ. ಬೆಲೆಬಾಳುವ ಔಷಧಗಳಿಗೆ ಅದು ಕಟ್ಟುತ್ತದೆ. ಸಕ್ಕರೆಗೂ ಬಟ್ಟೆಗೂ ಬೇಕಾದ ಅಗ್ಗದ ಕಿಣ್ವಕ್ಕೆ ಆ ದಾರಿ ಹಿಡಿಯುವುದು ನನ್ನ ಅಭಿಪ್ರಾಯದಲ್ಲಿ ಹಣವನ್ನು ನೀರಿಗೆ ಹಾಕಿದಂತೆ. ಗಂಟಾಗದಂತೆ ನೋಡಿಕೊಳ್ಳುವುದೇ ಲೇಸು.

ಜೀನಿನ ಅಕ್ಷರಗಳನ್ನೇ ತಿದ್ದುವ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಒಂದೇ ಅಮೈನೋ ಆಮ್ಲಕ್ಕೆ ಹಲವು ಕೋಡಾನುಗಳಿವೆ (ಜೀನಿನ ಮೂರಕ್ಷರದ ಸಂಕೇತಗಳು), ಪ್ರತಿ ಜೀವಿಗೂ ಅವುಗಳಲ್ಲಿ ಕೆಲವು ಹೆಚ್ಚು ರೂಢಿ. ಎಜಿಎ ಮತ್ತು ಎಜಿಜಿ ಎಂಬ ಆರ್ಜಿನೀನ್ ಕೋಡಾನುಗಳು ಇ. ಕೋಲಿಯಲ್ಲಿ ವಿರಳ, ಅವು ಸಾಲಾಗಿ ಬಂದರೆ ಸರಪಳಿ ಹೆಣೆಯುವ ರೈಬೋಸೋಮ್ ತಡವರಿಸುತ್ತದೆ. ಇದರಿಂದ, ಎಲ್ಲ ಕೋಡಾನುಗಳನ್ನೂ ಅತಿ ರೂಢಿಯವುಗಳಿಗೆ ಬದಲಿಸಿದರೆ ಇಳುವರಿ ತಾನಾಗಿ ಏರುತ್ತದೆ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಕುಡ್ಲಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಈ ಆತುರಕ್ಕೆ ಕಡಿವಾಣ ಹಾಕುತ್ತದೆ. ಅವರು ಒಂದೇ ಹಸಿರು ಹೊಳಪಿನ ಪ್ರೋಟೀನಿಗೆ 154 ಬಗೆಯ ಜೀನುಗಳನ್ನು ಬರೆದರು. ಅಮೈನೋ ಆಮ್ಲದ ಸಾಲು ಎಲ್ಲದರಲ್ಲೂ ಒಂದೇ, ಕೋಡಾನುಗಳು ಮಾತ್ರ ಬೇರೆ ಬೇರೆ. ಇ. ಕೋಲಿಯಲ್ಲಿ ಅವುಗಳ ಹೊಳಪಿನ ನಡುವೆ 250 ಪಟ್ಟಿನ ಅಂತರ ಕಂಡಿತು. ಕೋಡಾನ್ ಎಷ್ಟು ರೂಢಿಯದು ಎಂಬುದಕ್ಕೂ ಆ ಅಂತರಕ್ಕೂ ಹೊಂದಿಕೆ ಸಿಗಲಿಲ್ಲ. ಅರ್ಧಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ವಿವರಿಸಿದ್ದು ಜೀನಿನ ನಕಲಾದ ಸಂದೇಶ ಆರ್‌ಎನ್‌ಎ ತನ್ನ ಆರಂಭದ ಭಾಗದಲ್ಲಿ ಎಷ್ಟು ಬಿಗಿಯಾಗಿ ಮಡಚಿಕೊಂಡಿದೆ ಎಂಬ ಅಂಶ. ಶೈನ್ ಮತ್ತು ಡಾಲ್ಗಾರ್ನೊ 1974ರಲ್ಲಿ ಗುರುತಿಸಿದ ಸಾಲಿಗೆ ರೈಬೋಸೋಮ್ ಬಂದು ಕೂರಬೇಕು. ಆ ಜಾಗವೇ ಗಂಟು ಹಾಕಿಕೊಂಡಿದ್ದರೆ ಕೂರುವುದಾದರೂ ಹೇಗೆ? ಇಡೀ ಜೀನನ್ನು ದುಬಾರಿ ಬೆಲೆಗೆ ಹೊಸದಾಗಿ ಬರೆಸುವ ಮೊದಲು, ಮೊದಲ ಹತ್ತು-ಹನ್ನೆರಡು ಕೋಡಾನುಗಳನ್ನೂ ಅದರ ಹಿಂದಿನ ಸಾಲನ್ನೂ ಗಮನವಿಟ್ಟು ನೋಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಈ ಕಾರಣಕ್ಕೆ.

ಅಮೈಲೇಸಿನಂಥ, ಹುಟ್ಟಿನಿಂದಲೇ ಕೋಶದ ಹೊರಗೆ ಕೆಲಸ ಮಾಡುವ ಕಿಣ್ವಗಳಿಗೆ ಇ. ಕೋಲಿ ಸಹಜವಾದ ಮನೆಯಲ್ಲ. ಅದಕ್ಕೆ ಎರಡು ಪೊರೆಗಳಿವೆ. ಮೊದಲ ಪೊರೆ ದಾಟಿದ ಪ್ರೋಟೀನ್ ಸಾಮಾನ್ಯವಾಗಿ ಎರಡರ ನಡುವಿನ ಸಂದಿಯಲ್ಲೇ ಉಳಿಯುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ಗೆ ಹೊರಪೊರೆ ಇಲ್ಲ. ಒಂದು ಪೊರೆ, ಅದರಾಚೆ ದಪ್ಪನೆಯ ಕೋಶಭಿತ್ತಿ, ಅದರಾಚೆ ನೇರವಾಗಿ ಹೊರಗಿನ ದ್ರಾವಣ. ಕಿಣ್ವ ದ್ರಾವಣಕ್ಕೇ ಬಂದು ಬೀಳುವುದರಿಂದ ಕೋಶ ಒಡೆಯುವ ಖರ್ಚಿಲ್ಲ; ಕೋಶಗಳನ್ನು ಸೋಸಿ ತೆಗೆದರೆ ಉಳಿದದ್ದೇ ಕಚ್ಚಾ ಕಿಣ್ವ. ಆಹಾರಕ್ಕೆ ಸಂಬಂಧಿಸಿದ ಕಿಣ್ವಗಳ ತಯಾರಿಕೆಯಲ್ಲಿ ಅದರ ಸುರಕ್ಷತೆಯ ಬಗ್ಗೆ ದೀರ್ಘ ಅನುಭವವೂ ಇದೆ. ಅದರ ಹತ್ತಿರದ ಬಂಧು ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನ ಕೈಗಾರಿಕಾ ತಳಿಗಳು ಲೀಟರಿಗೆ 20ರಿಂದ 25 ಗ್ರಾಮಿನಷ್ಟು ಪ್ರೋಟೀನನ್ನು ಹೊರಸೂಸುತ್ತವೆ.

ಆದರೂ ಹೊರಗೆ ಕಳಿಸುವುದು ಸರಾಗವಾದ ಕೆಲಸವಲ್ಲ. ಹೊರಹೋಗಬೇಕಾದ ಪ್ರೋಟೀನಿನ ಮುಂಭಾಗದಲ್ಲಿ ಸಿಗ್ನಲ್ ಪೆಪ್ಟೈಡ್ ಎಂಬ ಪುಟ್ಟ ಸರಪಳಿ ಇರುತ್ತದೆ. ಧನ ಆವೇಶದ ತಲೆ, ನೀರಿಗೆ ಒಗ್ಗದ ನಡುಭಾಗ, ಕತ್ತರಿಸಿ ಬೇರ್ಪಡಿಸುವ ಗುರುತಿರುವ ಬಾಲ ಎಂದು ಅದಕ್ಕೆ ಮೂರು ಭಾಗ. ಯಾವ ಕಿಣ್ವಕ್ಕೆ ಯಾವ ಸಿಗ್ನಲ್ ಪೆಪ್ಟೈಡ್ ಒಪ್ಪುತ್ತದೆ ಎಂದು ಮೊದಲೇ ಹೇಳಲು ಬರುವಂತಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು. ಬ್ರಾಕ್‌ಮೈಯರ್ ಮತ್ತು ಸಂಗಡಿಗರು 2006ರಲ್ಲಿ ಬ್ಯಾಸಿಲಸ್ ಸಬ್ಟಿಲಿಸ್‌ನದೇ 173 ಸಿಗ್ನಲ್ ಪೆಪ್ಟೈಡ್‌ಗಳನ್ನು ಒಂದೊಂದಾಗಿ ಕ್ಯೂಟಿನೇಸ್ ಎಂಬ ಕಿಣ್ವಕ್ಕೆ ಜೋಡಿಸಿ ನೋಡಿದರು. ಒಂದು ಕಿಣ್ವಕ್ಕೆ ಅತ್ಯುತ್ತಮವೆನಿಸಿದ್ದು ಇನ್ನೊಂದಕ್ಕೆ ಸಾಧಾರಣವಾಗಬಹುದು ಎಂಬುದು ಇಂಥ ಅಧ್ಯಯನಗಳಿಂದ ಖಚಿತವಾಯಿತು. ಹಾಗಾಗಿ ಪುಸ್ತಕದಲ್ಲಿ ಹೊಗಳಿದ ಒಂದನ್ನು ಆರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಹಲವನ್ನು ಜೋಡಿಸಿ, ಹೋಲಿಸಿ, ಆರಿಸಬೇಕು. ಮೇಲೆ ಹೇಳಿದ ಅಯೋಡಿನ್ ತಟ್ಟೆ ಮೊದಲ ಸುತ್ತಿನ ಆಯ್ಕೆಗೆ ಇಲ್ಲಿ ಬಹಳ ಒದಗುತ್ತದೆ, ಏಕೆಂದರೆ ಇಲ್ಲಿ ಹೋಲಿಸುವುದು ಒಂದೇ ಕಿಣ್ವವನ್ನು.

ಪೊರೆಯಿಂದ ಆಚೆ ಬಂದ ಕ್ಷಣದಲ್ಲಿ ಅಮೈಲೇಸ್ ಇನ್ನೂ ಬಿಚ್ಚಿದ ಸರಪಳಿಯೇ. ಅದು ಪೊರೆಗೂ ಕೋಶಭಿತ್ತಿಗೂ ನಡುವಿನ ಇಕ್ಕಟ್ಟಿನಲ್ಲಿ ಬೇಗನೆ ಮಡಚಿಕೊಳ್ಳಬೇಕು. ತಡವಾದರೆ ಅಲ್ಲಿ ಕಾಯುತ್ತಿರುವ ಪ್ರೋಟಿಯೇಸ್‌ಗಳ ಪಾಲಾಗುತ್ತದೆ. ಈ ಹಂತದಲ್ಲಿ ಕೈಹಿಡಿಯುವುದು ಪಿಆರ್‌ಎಸ್‌ಎ ಎಂಬ ಪ್ರೋಟೀನ್. ಬ್ಯಾಸಿಲಸ್ ಅಮೈಲೊಲಿಕ್ವಿಫೇಶಿಯನ್ಸ್‌ನ ಅಮೈಲೇಸನ್ನು ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ತಯಾರಿಸುವಾಗ ಇಳುವರಿಯ ಮಿತಿಯನ್ನು ಹಾಕುವುದು ಪಿಆರ್‌ಎಸ್‌ಎ ಪ್ರಮಾಣವೇ ಎಂದು ಫಿನ್ಲೆಂಡಿನ ಕೊಂಟಿನೆನ್ ಮತ್ತು ಸರ್ವಾಸ್ 1993ರಲ್ಲಿ ತೋರಿಸಿದರು. ಅದನ್ನು ಹೆಚ್ಚಿಸಿದಾಗ ಹೊರಬರುವ ಅಮೈಲೇಸ್ ಕೆಲವು ಪಟ್ಟು ಏರಿತು. ಕ್ಯಾಲ್ಸಿಯಂ ಕೂಡ ಇಲ್ಲಿ ಮುಖ್ಯ, ಏಕೆಂದರೆ ಈ ಅಮೈಲೇಸ್ ತನ್ನ ಆಕಾರ ಉಳಿಸಿಕೊಳ್ಳಲು ಕ್ಯಾಲ್ಸಿಯಂ ಅಯಾನುಗಳನ್ನು ನೆಚ್ಚಿದೆ; ಋಣ ಆವೇಶವಿರುವ ಕೋಶಭಿತ್ತಿ ಅಂಥ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಭಿತ್ತಿಯ ಋಣ ಆವೇಶವನ್ನು ತಗ್ಗಿಸುವ ಡಿಎಲ್‌ಟಿ ಜೀನುಗಳನ್ನು ನಿಷ್ಕ್ರಿಯಗೊಳಿಸಿದರೆ ಹೊರಬಂದ ಅಮೈಲೇಸ್ ಕಡಿಮೆ ನಾಶವಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಸರಿಯಾಗಿ ಮಡಚದ ಪ್ರೋಟೀನ್ ಅಲ್ಲಿ ಗುಂಪುಗೂಡಿದರೆ ಸಿಎಸ್‌ಎಸ್ ಎಂಬ ಎರಡು ಪ್ರೋಟೀನುಗಳ ವ್ಯವಸ್ಥೆ ಅದನ್ನು ಗ್ರಹಿಸಿ, ಶುಚಿ ಮಾಡುವ ಪ್ರೋಟಿಯೇಸ್‌ಗಳನ್ನು ಹೆಚ್ಚಿಸುತ್ತದೆ. ಜೀವಕೋಶದ ದೃಷ್ಟಿಯಿಂದ ಅದು ಆತ್ಮರಕ್ಷಣೆ, ನಮ್ಮ ದೃಷ್ಟಿಯಿಂದ ನಷ್ಟ. ಈ ಇಕ್ಕಟ್ಟಿನ ಜಾಗವನ್ನು ಕುರಿತ ಸಂಶೋಧನೆ ನನ್ನನ್ನು ಅತ್ಯಂತ ಬೆರಗುಗೊಳಿಸಿದ ಭಾಗ. ನ್ಯಾನೊಮೀಟರುಗಳ ಲೆಕ್ಕದ ಆ ಅಂತರದಲ್ಲಿ ಟನ್‌ಗಟ್ಟಲೆ ಕಿಣ್ವದ ಹಣೆಬರಹ ನಿರ್ಧಾರವಾಗುತ್ತದೆ.

ಪ್ರೋಟಿಯೇಸ್‌ಗಳ ಕಾಟಕ್ಕೆ ಅವುಗಳ ಜೀನುಗಳನ್ನೇ ತೆಗೆದುಹಾಕುವ ಉಪಾಯವನ್ನು ಕೆನಡಾದ ಕ್ಯಾಲ್ಗರಿಯ ಪ್ರಯೋಗಾಲಯವೊಂದು ಕ್ರಮವಾಗಿ ಕೈಗೊಂಡಿತು. ಆರು ಪ್ರೋಟಿಯೇಸ್ ಜೀನುಗಳನ್ನು ಕಳಚಿದ ಡಬ್ಲ್ಯೂಬಿ600 ತಳಿ 1991ರಲ್ಲಿ ಬಂದಿತು, ಮುಂದೆ ಎಂಟನ್ನು ಕಳಚಿದ ಡಬ್ಲ್ಯೂಬಿ800. ಹೊರಗಿನ ಪ್ರೋಟಿಯೇಸ್ ಚಟುವಟಿಕೆ ಮೂಲದ ಶೇಕಡಾ 1ಕ್ಕಿಂತಲೂ ಕಡಿಮೆಯಾಯಿತು. ಆದರೆ ಇದಕ್ಕೂ ಒಂದು ಬೆಲೆ ತೆರಬೇಕಾಯಿತು: ಕೋಶಭಿತ್ತಿಯನ್ನು ಕರಗಿಸುವ ಆಟೊಲೈಸಿನ್ ಕಿಣ್ವಗಳನ್ನು ಹದ್ದುಬಸ್ತಿನಲ್ಲಿ ಇಡುತ್ತಿದ್ದವೂ ಇದೇ ಪ್ರೋಟಿಯೇಸ್‌ಗಳು. ಅವು ಇಲ್ಲವಾದಾಗ ಕೋಶಗಳು ಬೇಗ ಒಡೆಯತೊಡಗಿದವು. ಅದನ್ನು ತಡೆಯಲು ಎಲ್‌ವೈಟಿಸಿ ಎಂಬ ಆಟೊಲೈಸಿನ್ ಜೀನನ್ನೂ ತೆಗೆಯುವ ಪ್ರಯತ್ನಗಳು ನಡೆದವು. ಬೀಜಕ ಕಟ್ಟದಂತೆ ಮಾಡುವ ತಿದ್ದುಪಡಿಯೂ ಉತ್ಪಾದನಾ ತಳಿಗಳಲ್ಲಿ ಸಾಮಾನ್ಯ.

ಜೀನನ್ನು ಎಲ್ಲಿಡಬೇಕು ಎಂಬುದು ಮತ್ತೊಂದು ನಿರ್ಧಾರ. ಪ್ಲಾಸ್ಮಿಡ್ ಎಂಬ ಬಿಡಿಯಾದ ಪುಟ್ಟ ಡಿಎನ್‌ಎ ಉಂಗುರದಲ್ಲಿಟ್ಟರೆ ಪ್ರತಿಗಳು ಹೆಚ್ಚು, ಆದರೆ ಅದನ್ನು ಹೊತ್ತ ಕೋಶ ನಿಧಾನವಾಗಿ ಬೆಳೆಯುತ್ತದೆ, ಅದನ್ನು ಕಳೆದುಕೊಂಡ ಕೋಶ ವೇಗವಾಗಿ ಬೆಳೆದು ಪಾತ್ರೆಯನ್ನು ಆಕ್ರಮಿಸುತ್ತದೆ. ಪ್ರತಿಜೀವಕ ಹಾಕಿ ಇದನ್ನು ತಡೆಯುವುದು ಪ್ರಯೋಗಾಲಯದ ಫ್ಲಾಸ್ಕಿನಲ್ಲಿ ನಡೆದೀತು. ಸಾವಿರಾರು ಲೀಟರಿನ ಪಾತ್ರೆಗೆ ಅದು ಖರ್ಚಿನ ಬಾಬ್ತು, ತ್ಯಾಜ್ಯದ ಜೊತೆ ಪ್ರತಿಜೀವಕ ಹೊರಹರಿದರೆ ಊರಿಗೂ ಅಪಾಯ. ಹಾಗಾಗಿ ಜೀನನ್ನು ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿಗೇ ಸೇರಿಸುವುದು ಮೇಲು ಎಂಬುದು ನನ್ನ ನಿಲುವು, ಪ್ರತಿಗಳು ಕಡಿಮೆಯಾದರೂ ಚಿಂತೆಯಿಲ್ಲ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಹೀಗೆ ಸೇರಿಸಲು ಎಲ್ಲರೂ ಬಳಸುವ ಜಾಗ ಅದರ ಸ್ವಂತ ಅಮೈಲೇಸ್ ಜೀನಿನದು. ಬೇರೆ ಜೀನ್ ಅಲ್ಲಿ ಸರಿಯಾಗಿ ಕೂತರೆ ಸ್ವಂತ ಅಮೈಲೇಸ್ ನಿಂತುಹೋಗುತ್ತದೆ, ಅಯೋಡಿನ್ ಹಾಕಿದಾಗ ಆ ಕಾಲನಿಯ ಸುತ್ತ ವಲಯ ಕಾಣುವುದಿಲ್ಲ. ಸೇರಿಸುತ್ತಿರುವ ಜೀನೇ ಅಮೈಲೇಸಿನದಾದರೆ ಈ ಗುರುತು ಕೆಲಸಕ್ಕೆ ಬಾರದು, ಆಗ ಪಿಸಿಆರ್ ಮಾಡಿಯೇ ಖಚಿತಪಡಿಸಿಕೊಳ್ಳಬೇಕು.

ತಳಿ ಸಿದ್ಧವಾದ ಮೇಲೆ ಪಾತ್ರೆಯ ಕೆಲಸ. ಗ್ಲೂಕೋಸನ್ನು ಒಮ್ಮೆಗೇ ಸುರಿದರೆ ಇ. ಕೋಲಿ ಗಾಳಿ ಸಾಕಷ್ಟಿದ್ದರೂ ಅಸಿಟೇಟ್ ಹೊರಬಿಟ್ಟು ತನ್ನ ಬೆಳವಣಿಗೆಗೆ ತಾನೇ ಅಡ್ಡಿಯಾಗುತ್ತದೆ. ಆದ್ದರಿಂದ ಆಹಾರವನ್ನು ಹನಿ ಹನಿಯಾಗಿ ಉಣಿಸುವ ಫೆಡ್-ಬ್ಯಾಚ್ ವಿಧಾನ. ಆಮ್ಲಜನಕದ ಮಾತು ಇನ್ನೂ ಸೂಕ್ಷ್ಮ. 37 ಡಿಗ್ರಿಯ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕ ಲೀಟರಿಗೆ ಸುಮಾರು 7 ಮಿಲಿಗ್ರಾಂ ಮಾತ್ರ; ಕೋಶಗಳು ದಟ್ಟವಾಗಿ ಬೆಳೆದ ಪಾತ್ರೆಯಲ್ಲಿ ಅದು ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಪೂರೈಕೆ ಕ್ಷಣವೂ ನಿಲ್ಲುವಂತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಆಗಾಗ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಫರ್ಮೆಂಟರ್ ನಡೆಸುವವರಿಗೆ ತಂಪು ನೀರು ಮತ್ತು ಜನರೇಟರ್ ಎರಡೂ ಜೀನಿನಷ್ಟೇ ಮುಖ್ಯ. ಇನ್ನೊಂದು ಕಡೆ ನಮಗೆ ಅನುಕೂಲವೂ ಇದೆ: ಕಾಕಂಬಿ ಇಲ್ಲಿಯ ಸರಕು. ಬ್ಯಾಸಿಲಸ್ ಸಬ್ಟಿಲಿಸ್ ಸುಕ್ರೋಸನ್ನು ನೇರವಾಗಿ ಬಳಸಿಕೊಳ್ಳುತ್ತದೆ, ಇ. ಕೋಲಿಯ ಕೆ-12 ತಳಿಗಳಿಗೆ ಅದು ಬಾರದು. ಈ ಒಂದೇ ಕಾರಣಕ್ಕಾದರೂ ನಮ್ಮ ಜಿಲ್ಲೆಗಳಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ಬ್ಯಾಸಿಲಸ್ ಕಡೆಗೆ ಒಲಿಯಬೇಕು ಎನ್ನುತ್ತೇನೆ.

ಇಳುವರಿ ಹೆಚ್ಚಿತು ಎಂದು ಹೇಳುವಾಗ ಏನನ್ನು ಅಳೆದೆವು ಎಂಬುದು ಸ್ಪಷ್ಟವಾಗಿರಬೇಕು. ನಮ್ಮಲ್ಲಿ ಅಮೈಲೇಸ್ ಅಳೆಯಲು ಡಿಎನ್‌ಎಸ್ ವಿಧಾನವೇ ರೂಢಿ: ಪಿಷ್ಟದೊಂದಿಗೆ ಕಿಣ್ವವನ್ನು ಇಟ್ಟು, ಡಿಎನ್‌ಎಸ್ ಎಂಬ ರಾಸಾಯನಿಕ ಸೇರಿಸಿ, ಕುದಿಯುವ ನೀರಿನಲ್ಲಿ ಕಾಯಿಸಿದರೆ ಹಳದಿ ದ್ರಾವಣ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಕಿತ್ತಳೆ-ಕಂದು ಬಣ್ಣಕ್ಕೆ ತಿರುಗುತ್ತದೆ, ಅದನ್ನು 540 ನ್ಯಾನೊಮೀಟರಿನಲ್ಲಿ ಓದುತ್ತೇವೆ. ಬೆಳೆಸಿದ ದ್ರಾವಣದಲ್ಲೇ ಗ್ಲೂಕೋಸ್ ಉಳಿದಿದ್ದರೆ ಅದೂ ಬಣ್ಣ ಕೊಡುತ್ತದೆ. ಕುದಿಸಿ ನಿಷ್ಕ್ರಿಯಗೊಳಿಸಿದ ಅದೇ ಕಿಣ್ವವನ್ನು ಹೋಲಿಕೆಗೆ ಇಡದ ಫಲಿತಾಂಶವನ್ನು ನಂಬಬಾರದು. ಪಟ್ಟಿ ದಪ್ಪವಾಯಿತು ಎಂಬುದಕ್ಕಿಂತ ಲೀಟರಿಗೆ ಎಷ್ಟು ಯೂನಿಟ್, ಎಷ್ಟು ಗಂಟೆಯಲ್ಲಿ, ಎಷ್ಟು ಕೋಶಗಳಿಂದ ಎಂದು ಬರೆದರೆ ಮಾತ್ರ ಎರಡು ತಳಿಗಳನ್ನು ನ್ಯಾಯವಾಗಿ ಹೋಲಿಸಬಹುದು.

ಮಾರ್ಪಡಿಸಿದ ಜೀವಿಗಳ ಕೆಲಸಕ್ಕೆ ನಮ್ಮ ದೇಶದಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳಿವೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಇಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ಬಳಸಿದ ದ್ರಾವಣವನ್ನು ಆಟೊಕ್ಲೇವ್ ಮಾಡದೆ (ಒತ್ತಡದ ಹಬೆಯಲ್ಲಿ ಕಾಯಿಸಿ ಕೋಶಗಳನ್ನು ಕೊಲ್ಲದೆ) ಮೋರಿಗೆ ಬಿಡುವಂತಿಲ್ಲ. ಇದನ್ನು ಕೇವಲ ಕಾಗದಪತ್ರದ ಕಟ್ಟಳೆ ಎಂದು ಯಾರೂ ತಿಳಿಯಬಾರದು. ಮಾರಾಟಕ್ಕೆ ಹೋಗುವ ಕಿಣ್ವದಲ್ಲಿ ಜೀವಂತ ಕೋಶಗಳು ಉಳಿಯದಂತೆ ಸೋಸುವುದೂ ಇದೇ ಹೊಣೆಯ ಮುಂದುವರಿಕೆ.

ಕೊನೆಗೆ ಕಿಣ್ವ ಹೋಗಿ ಸೇರುವ ಜಾಗದ ಮಾತು. ಹೆಚ್ಚು ಬಿಸಿ ತಾಳುವ ಅಮೈಲೇಸೇ ಉತ್ತಮ ಎಂದು ವರದಿಗಳಲ್ಲಿ ಬರೆಯುವುದು ಅಭ್ಯಾಸವಾಗಿದೆ, ಮತ್ತು ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನ ಅಮೈಲೇಸ್ ಆ ಗುಣಕ್ಕೇ ಹೆಸರಾಗಿದೆ. ಸಕ್ಕರೆ ಕಾರ್ಖಾನೆಗೆ ಅದು ಅಷ್ಟು ಸರಳವಲ್ಲ. ಸಾಲಾಗಿ ಜೋಡಿಸಿದ ಇವಾಪೊರೇಟರುಗಳಲ್ಲಿ ಮೊದಲನೆಯದು ಅತಿ ಬಿಸಿ. ನಿರ್ವಾತದಲ್ಲಿ ಕುದಿಯುವ ಕೊನೆಯವು ಕಡಿಮೆ ಬಿಸಿ, ಆದರೆ ಅಲ್ಲಿಗೆ ಬರುವಷ್ಟರಲ್ಲಿ ರಸ ಗಟ್ಟಿ ಪಾಕವಾಗಿರುತ್ತದೆ. ತೀರಾ ಬಿಸಿ ತಾಳುವ ಕಿಣ್ವ ಪಿಷ್ಟ ಕರಗಿಸಿದ ಮೇಲೂ ಸಾಯದೆ ಸಕ್ಕರೆಯ ಹರಳಿನೊಂದಿಗೆ ಹೊರಗೆ ಹೋಗಬಹುದು. ಆ ಸಕ್ಕರೆಯನ್ನು ಪಿಷ್ಟವಿರುವ ತಿನಿಸಿಗೆ ಬಳಸಿದವರಿಗೆ ಅಲ್ಲಿ ತೊಂದರೆ ಕೊಡಬಹುದು. ಆದ್ದರಿಂದ ಮಧ್ಯಮ ಬಿಸಿ ತಾಳಿ, ಕೊನೆಯ ಪಾತ್ರೆಗಳಲ್ಲಿ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸುವ ಕಿಣ್ವ ಇಲ್ಲಿ ಹೆಚ್ಚು ಸೂಕ್ತ, ಮತ್ತು ಬ್ಯಾಸಿಲಸ್ ಅಮೈಲೊಲಿಕ್ವಿಫೇಶಿಯನ್ಸ್‌ನ ಅಮೈಲೇಸ್ ಆ ಬಗೆಯದು. ಆತಿಥೇಯ ತಳಿ ಆರಿಸುವ ಮೊದಲೇ ಈ ಲೆಕ್ಕ ಹಾಕಬೇಕು. ಪ್ರಯೋಗಾಲಯದ ಶೇಕಡಾ 1ರ ಪಿಷ್ಟ ದ್ರಾವಣದಲ್ಲಿ ಬಂದ ಅಂಕಿ 60 ಬ್ರಿಕ್ಸ್‌ನ (ತೂಕದಲ್ಲಿ ಸುಮಾರು ಶೇಕಡಾ 60ರಷ್ಟು ಸಕ್ಕರೆ ಕರಗಿರುವ) ಪಾಕದಲ್ಲಿ ಬರುವುದಿಲ್ಲ. ಅಲ್ಲಿ ಸಕ್ಕರೆ ದಟ್ಟವಾಗಿದೆ, ಕ್ಯಾಲ್ಸಿಯಂ ಪ್ರಮಾಣ ಬೇರೆ, ಕಲಸುವ ರೀತಿ ಬೇರೆ. ಬೆಳಗಾವಿಯಲ್ಲಿ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವ, ಸುತ್ತಮುತ್ತ ಕಾರ್ಖಾನೆಗಳಿರುವ ನಮ್ಮ ಭಾಗದಲ್ಲಿ ನಿಜವಾದ ಪಾಕದಲ್ಲೇ ಕಿಣ್ವವನ್ನು ಪರೀಕ್ಷಿಸುವ ಅವಕಾಶ ವಿದ್ಯಾರ್ಥಿಗಳಿಗೆ ಕೈಗೆಟುಕುವಷ್ಟು ಹತ್ತಿರವಿದೆ. ಮುಂದಿನ ಹಂಗಾಮಿಗೆ ಗಾಣಗಳು ಶುರುವಾದಾಗ, ಪ್ರಾಜೆಕ್ಟಿನ ಹುಡುಗ-ಹುಡುಗಿಯರು ಕಾರ್ಖಾನೆಯಿಂದ ಮಣ್ಣಿನ ಜೊತೆಗೆ ಕೊನೆಯ ಇವಾಪೊರೇಟರಿನ ಪಾಕವನ್ನೂ ತರಬೇಕೆಂದು ಈಗಲೇ ತಿಳಿಸಿದ್ದೇನೆ.